ನಕಾಶೆ ಕಂಡ ದಾರಿ

ಮಾದಿಹಳ್ಳಿ ಹೋಬಳಿಯ ಒಂದು ಊರಿನಲ್ಲಿ ನನ್ನ ಸೋದರಮಾವನಿಗೆ ಮೂರೆಕರೆ ಚಿಲ್ಲರೆ ಹೊಲವಿದೆ. ಬೇಲೂರು ತಾಲ್ಲೂಕು ಎಂದರೆ ಹೊರಗಿನವರಿಗೆ ಮಳೆ, ಕಾಫಿ, ಹಸಿರು ನೆನಪಾಗುತ್ತವೆ. ಅದು ಅರೇಹಳ್ಳಿ, ಬಿಕ್ಕೋಡು ಕಡೆಯ ಮಾತು. ಹಳೇಬೀಡು, ಮಾದಿಹಳ್ಳಿ ಹೋಬಳಿಗಳು ತಾಲ್ಲೂಕಿನ ಬಯಲು ಮಗ್ಗುಲು. ಮಳೆ ಬಂದರೆ ಆಲೂಗಡ್ಡೆ, ಜೋಳ, ರಾಗಿ. ಬಾರದಿದ್ದರೆ ಕೊಳವೆಬಾವಿ. ಅದೂ ಬತ್ತಿದರೆ ಆಕಾಶ ನೋಡಬೇಕು.

ಮಾವನ ಹೊಲಕ್ಕೆ ಒಂದು ಓಣಿ ಇತ್ತು. ಎರಡು ಬದಿಗೂ ಕಳ್ಳಿ ಬೇಲಿ. ಎದುರಿನಿಂದ ಇನ್ನೊಂದು ಎತ್ತಿನ ಗಾಡಿ ಬಂದರೆ ಒತ್ತಿಗೆ ಸರಿದು ನಿಲ್ಲುವಷ್ಟು ಅಗಲ. ನಾನು ಸಣ್ಣವನಾಗಿದ್ದಾಗ ಆ ಓಣಿಯಲ್ಲಿ ಗಾಡಿ ಮೇಲೆ ಕೂತು ಹೋಗಿದ್ದೇನೆ. ಈಗ ಅಲ್ಲಿ ಬೈಕು ಹೋಗುತ್ತದೆ, ಟ್ರ್ಯಾಕ್ಟರ್ ಹೋಗುವುದಿಲ್ಲ. ಯಾರೂ ಅದನ್ನು ಒಂದೇ ದಿನ ಮುಚ್ಚಲಿಲ್ಲ. ವರ್ಷಕ್ಕೊಂದು ನೇಗಿಲ ಸಾಲು, ಬೇಲಿ ಸರಿಪಡಿಸುವಾಗ ಒಂದು ಮೊಳ, ಹೀಗೆ ಇಪ್ಪತ್ತೈದು ವರ್ಷಗಳಲ್ಲಿ ಓಣಿ ಸವೆದು ಕಾಲುದಾರಿಯಾಯಿತು. ಬಿತ್ತನೆ ಆಲೂಗಡ್ಡೆಯ ಮೂಟೆಯನ್ನು ಹೆಗಲ ಮೇಲೆ ಹೊತ್ತು ಸಾಗಿಸುವ ಸ್ಥಿತಿ ಬಂತು. ಮಾವ ಪ್ಲಾಸ್ಟಿಕ್ ಕವರಿನಿಂದ ಪಹಣಿ ತೆಗೆದು ನನ್ನ ಮುಂದೆ ಹಿಡಿದು ಕೇಳಿದರು: "ನನ್ ಹೊಲಕ್ಕೆ ಪಾಣಿ ಐತೆ. ಓಣಿಗೆ ಎಲ್ಲೈತಪ್ಪ ಪಾಣಿ?"

ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ. ಓಣಿಗೆ ಪಹಣಿ ಇಲ್ಲ. ಹಳ್ಳಕ್ಕೆ ಇಲ್ಲ, ಕೆರೆಗೆ ನೀರು ತರುವ ಕಾಲುವೆಗೂ ಹೆಚ್ಚಿನ ಕಡೆ ಇಲ್ಲ. ಹೀಗೆ ಒಬ್ಬರ ಹೆಸರಿಗೆ ಸೇರದ ನೆಲ ಎಲ್ಲಿದೆ ಎಂಬುದಕ್ಕೆ ಮುಖ್ಯ ಸಾಕ್ಷಿ ಗ್ರಾಮ ನಕ್ಷೆ. ಕಂದಾಯ ಇಲಾಖೆಯವರ ಬಾಯಲ್ಲಿ ಇಂಥ ದಾರಿಗೆ ಒಂದು ಚೆಂದದ ಹೆಸರೇ ಇದೆ: ನಕಾಶೆ ಕಂಡ ದಾರಿ. ನೆಲದ ಮೇಲೆ ಕಾಣದಿದ್ದರೂ ನಕಾಶೆಯಲ್ಲಿ ಕಂಡರೆ ಅದು ದಾರಿಯೇ. ಸರ್ಕಾರ ನಕ್ಷೆಗಳನ್ನು ಜನರಿಗೆ ಕೊಡುವುದು ಯಾಕೆ ಮುಖ್ಯ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಹೊಳೆಯುವ ಉತ್ತರ ಇದು. ನಮ್ಮ ನಮ್ಮ ಜಮೀನನ್ನು ನಾವು ಹೇಗೋ ಕಾಯ್ದುಕೊಳ್ಳುತ್ತೇವೆ. ಎಲ್ಲರಿಗೂ ಸೇರಿದ್ದನ್ನು ಕಾಯಲು ಎಲ್ಲರ ಕೈಗೂ ನಕ್ಷೆ ಬೇಕು.

ಈ ನಕ್ಷೆಗಳ ಹುಟ್ಟು ಹಳೆಯದು. ಮೈಸೂರು ಸೀಮೆಯಲ್ಲಿ ಕಂದಾಯದ ಸರ್ವೆ 1863ರಲ್ಲಿ, ಬೌರಿಂಗ್ ಕಮಿಷನರ್ ಆಗಿದ್ದಾಗ, ಮುಂಬಯಿ ಪ್ರಾಂತ್ಯದ ಪದ್ಧತಿಯಂತೆ ಶುರುವಾಯಿತು. ಅಳತೆಗೆ 33 ಅಡಿಯ ಸರಪಳಿ. ಸರಪಳಿಗೆ 16 ಆಣೆ, ಆಗಿನ ರೂಪಾಯಿಗೆ ಇದ್ದ ಹಾಗೆಯೇ. ಒಂದು ಆಣೆ ಎಂದರೆ ಎರಡಡಿ ಮುಕ್ಕಾಲು ಅಂಗುಲ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಸೇರಿದರೆ ಒಂದು ಎಕರೆ. ಇಂದಿಗೂ ಪಹಣಿಯಲ್ಲಿ ವಿಸ್ತೀರ್ಣ ಎಕರೆ, ಗುಂಟೆ, ಆಣೆಗಳಲ್ಲೇ ಬರುತ್ತದೆ. ರೂಪಾಯಿಯ ಆಣೆ ಹೋಗಿ ಅರವತ್ತು ವರ್ಷ ಮೀರಿತು, ನೆಲದ ಆಣೆ ಉಳಿದಿದೆ.

ಸರ್ವೆಯವರು ಪ್ರತಿ ಸರ್ವೆ ನಂಬರಿನ ನಡುವೆ ಒಂದು ಮೂಲ ಗೆರೆ ಹಿಡಿದು, ಅದರಿಂದ ಮೂಲೆ ಮೂಲೆಗೆ ಎಷ್ಟು ಸರಪಳಿ, ಎಷ್ಟು ಆಣೆ ಎಂದು ಬರೆದುಕೊಂಡ ಹಾಳೆಗೆ ಟಿಪ್ಪಣಿ ಎಂದು ಹೆಸರು. ಟಿಪ್ಪಣಿಯಲ್ಲಿನ ಚಿತ್ರ ಅಳತೆಗೆ ತಕ್ಕ ಆಕಾರದಲ್ಲಿರುವುದಿಲ್ಲ, ಅಲ್ಲಿ ಬೆಲೆ ಇರುವುದು ಅಂಕಿಗಳಿಗೆ. ಆ ಅಂಕಿಗಳಿಂದಲೇ ಇಡೀ ಊರಿನ ನಕ್ಷೆ ಬರೆದರು, ಒಂದು ಅಂಗುಲಕ್ಕೆ 20 ಸರಪಳಿಯ ಲೆಕ್ಕದಲ್ಲಿ. ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿಗೆ ಆಕಾರ್‌ಬಂದ್ ಎಂದು ಹೆಸರು. ಗದ್ದೆ, ಹೊಲ, ಕೆರೆ, ಗುಂಡುತೋಪು, ಹಳ್ಳ, ಬಾಂದು ಕಲ್ಲು ಎಲ್ಲವೂ ನಕ್ಷೆಗೆ ಬಂದವು. ಗಾಡಿ ದಾರಿಗೆ ಜೋಡಿ ಚುಕ್ಕಿಗೆರೆ, ಕಾಲುದಾರಿಗೆ ಒಂಟಿ ಚುಕ್ಕಿಗೆರೆ.

ಬೇಲೂರು ಸೀಮೆಯಲ್ಲಿ ನಿಂತು ಇದನ್ನು ಹೇಳುವಾಗ ಇನ್ನೂ ಹಿಂದಕ್ಕೆ ಹೋಗದೆ ಇರಲು ಆಗುವುದಿಲ್ಲ. ಹೊಯ್ಸಳರ ಕಾಲದ ದಾನ ಶಾಸನಗಳನ್ನು ಓದಿದವರಿಗೆ ಗೊತ್ತು: ಇಷ್ಟು ಮತ್ತರು, ಇಷ್ಟು ಸಲಗೆ, ಇಂಥ ಕೋಲಿನ ಅಳತೆ ಎಂದು ಹೇಳಿ, ಆಮೇಲೆ ಮೂಡಲು ಈ ಮರ, ತೆಂಕಲು ಆ ಬಂಡೆ, ಪಡುವಲು ಇಂಥ ಕೆರೆಯ ಕೋಡಿ ಎಂದು ಎಲ್ಲೆಯನ್ನು ಸುತ್ತಿ ಬರುತ್ತಾರೆ. ಅದು ಮಾತಿನಲ್ಲಿ ಬರೆದ ನಕ್ಷೆ. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವರ ಭೂಮಿಗೆ ವಾಮನಮುದ್ರೆ, ಬಸದಿಯ ಭೂಮಿಗೆ ಮುಕ್ಕೊಡೆ. ಓದು ಬಾರದವನಿಗೂ ಕಲ್ಲು ನೋಡಿದರೆ ಯಾರ ನೆಲ ಎಂದು ತಿಳಿಯಬೇಕು. ಶಾಸನವನ್ನು ಯಾರ ಮನೆಯ ಪೆಟ್ಟಿಗೆಯಲ್ಲೂ ಇಡಲಿಲ್ಲ, ಊರೆಲ್ಲ ಬಂದು ಹೋಗುವ ಗುಡಿಯ ಅಂಗಳದಲ್ಲಿ ನಿಲ್ಲಿಸಿದರು. ಬೆಂಜಮಿನ್ ಲೂಯಿ ರೈಸ್ 1902ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಾಸನ ಜಿಲ್ಲೆಯ ಸಂಪುಟದಲ್ಲಿ ಬೇಲೂರು ತಾಲ್ಲೂಕಿನ ಶಾಸನಗಳನ್ನು ತಿರುವುತ್ತಾ ಹೋದರೆ, ಗಡಿಯನ್ನು ಬಹಿರಂಗವಾಗಿ ಇಡಬೇಕು ಎಂಬುದು ಈ ನೆಲದ ಹಳೆಯ ತಿಳಿವಳಿಕೆ ಎಂದು ಮನಸ್ಸಿಗೆ ಬರುತ್ತದೆ.

ನಡುವೆ ಎಲ್ಲೋ ಆ ತಿಳಿವಳಿಕೆ ತಪ್ಪಿತು. ಸರ್ವೆಯ ನಕ್ಷೆ ಕಚೇರಿಯ ಕಪಾಟು ಸೇರಿತು, ಪಹಣಿ ಶಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ಕಂಕುಳು ಸೇರಿತು. ಕರ್ನಾಟಕದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಪುಸ್ತಕಗಳನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆ ಈ ಶತಮಾನದ ಹೊಸ್ತಿಲಲ್ಲಿ ಬಂತು. 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳು, ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಕೈಗೆ ಪಹಣಿ ಬರುತ್ತಿತ್ತು. ಅದು ದೊಡ್ಡ ಕೆಲಸ, ದೇಶವೇ ನೋಡಿದ ಕೆಲಸ. ಆದರೆ ಆಗ ಕಂಪ್ಯೂಟರಿಗೆ ಬಂದದ್ದು ಹೆಸರು ಮತ್ತು ಅಂಕಿ. ಗೆರೆ ಕಪಾಟಿನಲ್ಲೇ ಉಳಿಯಿತು. ಯಾರದು, ಎಷ್ಟು ಎಂಬುದು ಬೆಳಕಿಗೆ ಬಂತು, ಎಲ್ಲಿ ಎಂಬುದು ಕತ್ತಲಲ್ಲೇ ಇತ್ತು.

ಗೆರೆ ಹೊರಗೆ ಬಂದದ್ದು ನಿಧಾನವಾಗಿ. ಈಗ ಕಂದಾಯ ಇಲಾಖೆಯ ಭೂದಾಖಲೆಗಳ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಊರೂರಿನ ಗ್ರಾಮ ನಕ್ಷೆಯ ಪಿಡಿಎಫ್ ಸಿಗುತ್ತದೆ, ದುಡ್ಡಿಲ್ಲದೆ. ಹಾಸನ, ಬೇಲೂರು, ಮಾದಿಹಳ್ಳಿ ಎಂದು ಒತ್ತುತ್ತಾ ಹೋದರೆ ಹೋಬಳಿಯ ಹಳ್ಳಿಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಭೂಮಾಪನ ಇಲಾಖೆ 2018ರಲ್ಲಿ 'ದಿಶಾಂಕ್' ಎಂಬ ಆ್ಯಪ್ ತಂದಿತು. ಅದರ ಹಿಂದೆ ಇರುವುದು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ. ಹಳೆಯ ಗ್ರಾಮ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸಿ ಕೂರಿಸಿದ್ದಾರೆ. ಹೊಲದಲ್ಲಿ ನಿಂತು ಮೊಬೈಲ್ ತೆರೆದರೆ ನೀವು ಯಾವ ಊರಿನ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಹಿಸ್ಸಾ, ಅಂದರೆ ಸರ್ವೆ ನಂಬರಿನ ಒಳಪಾಲು, ಆರಿಸಿದರೆ 'ಭೂಮಿ'ಯ ದಾಖಲೆಗೆ ಕೊಂಡಿ ಹಾಕಿ ಖಾತೆದಾರರ ಹೆಸರನ್ನೂ ತೋರಿಸುತ್ತದೆ.

ಇಲ್ಲಿ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದೇ ಕಾರಣಕ್ಕೆ ಬದುಗಳ ಮೇಲೆ ಜಗಳ ನಡೆಯುವುದನ್ನು ನಾನು ನೋಡಿದ್ದೇನೆ. ದಿಶಾಂಕ್‌ನ ಗೆರೆ ನಿಮ್ಮ ಗಡಿಯಲ್ಲ, ಅದು ಗಡಿಯ ನೆರಳು. ಅಂಗುಲಕ್ಕೆ 20 ಸರಪಳಿ ಎಂದರೆ 660 ಅಡಿಯನ್ನು ಒಂದು ಅಂಗುಲಕ್ಕೆ ಇಳಿಸಿದ ನಕ್ಷೆ. ಅದರ ಮೇಲಿನ ಒಂದು ಮಿಲಿಮೀಟರು ನೆಲದ ಮೇಲೆ 26 ಅಡಿ. ಗೆರೆ ಎಳೆದ ಶಾಯಿಯ ದಪ್ಪವೇ ಹತ್ತಾರು ಅಡಿ ನುಂಗುತ್ತದೆ. ಕಾಗದ ವರ್ಷಗಟ್ಟಲೆ ಮಡಚಿಟ್ಟು ಹಿಗ್ಗಿ ಕುಗ್ಗಿದೆ. ಅದನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಎಳೆದು ಬಗ್ಗಿಸಿದ್ದಾರೆ. ಮೇಲೆ ನಿಮ್ಮ ಮೊಬೈಲಿನ ಜಿಪಿಎಸ್ ಕೂಡ ಕೆಲವು ಮೀಟರು ಅತ್ತಿತ್ತ ಆಡುತ್ತದೆ. ಹಾಗಾಗಿ ಆ ಗೆರೆ ಪಕ್ಕದವನ ತೆಂಗಿನ ಮರದ ಆಚೆ ಬಿದ್ದಿತೆಂದು ಮರ ನಿಮ್ಮದಾಗುವುದಿಲ್ಲ. ಇಂಥ ಸರ್ವೆ ನಂಬರು ಇಲ್ಲಿದೆ, ಅದರ ಪಕ್ಕದಲ್ಲಿ ಕೆರೆ ಇದೆ, ನಡುವೆ ದಾರಿ ಹಾದುಹೋಗಿದೆ ಎಂದು ತಿಳಿಯಲು ದಿಶಾಂಕ್ ಸಾಕು, ಬಹಳ ಚೆನ್ನಾಗಿ ಸಾಕು. ಗಡಿ ಗುರುತಿಸಲು ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಸರ್ವೆಯರ್ ಬಂದು, ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ಟಿಪ್ಪಣಿಯ ಅಂಕಿ ಹಿಡಿದು ಅಳೆದು ಕಲ್ಲು ತೋರಿಸಬೇಕು. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾರುವುದಾದರೆ 11ಇ ನಕ್ಷೆ, ಖಾತೆಗಳು ಬೇರೆ ಬೇರೆ ಆಗಿದ್ದರೆ ಪೋಡಿ. ಇವೆಲ್ಲ ಅರ್ಜಿಗಳು ಈಗ 'ಮೋಜಿಣಿ' ಎಂಬ ವ್ಯವಸ್ಥೆಯಲ್ಲಿ ಸಾಗುತ್ತವೆ. ಹೋಬಳಿಯ ನಾಡಕಚೇರಿಯಲ್ಲೂ ಕೊಡಬಹುದು.

ಈಗ ಮಾವನ ಪ್ರಶ್ನೆಗೆ ಮರಳುತ್ತೇನೆ. ಪಹಣಿಯ ಮೂರನೇ ಕಾಲಂ ನೋಡಿ. ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಅ, ಖರಾಬು ಬ ಎಂದು ಎರಡು ಸಾಲು ಇರುತ್ತವೆ. 1966ರ ಭೂಕಂದಾಯ ನಿಯಮಗಳು ಮಾಡಿದ ಭೇದ ಅದು. ಅ ಖರಾಬು ಎಂದರೆ ಬಂಡೆ, ದಿಣ್ಣೆ ಮುಂತಾಗಿ ಸಾಗುವಳಿಗೆ ಬಾರದ ನೆಲ. ಬ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆ, ಸ್ಮಶಾನ ಎಂದು ಸಾರ್ವಜನಿಕರಿಗೆ ಬಿಟ್ಟ ನೆಲ. ಅದಕ್ಕೆ ಕಂದಾಯವಿಲ್ಲ, ಅದನ್ನು ಉಳುವ ಹಕ್ಕೂ ಇಲ್ಲ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ, ಬೇರೆ ಯಾರ ಸ್ವತ್ತೂ ಅಲ್ಲದ ದಾರಿ, ಹಳ್ಳ, ಕೆರೆಗಳನ್ನು ಸರ್ಕಾರದ್ದು ಎನ್ನುತ್ತದೆ. ಸರಿ, ಪಹಣಿಯಲ್ಲಿ ಬ ಖರಾಬು ಮೂರು ಗುಂಟೆ ಎಂದಿದೆ ಎಂದುಕೊಳ್ಳಿ. ಆ ಮೂರು ಗುಂಟೆ ಹೊಲದ ಯಾವ ಮಗ್ಗುಲಿಗೆ ಹೋಗಿದೆ? ಪಹಣಿ ಎಷ್ಟು ಎಂದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಜೋಡಿ ಚುಕ್ಕಿಗೆರೆ ಹೇಳುತ್ತದೆ. ಎಷ್ಟೋ ಕಡೆ ಖರಾಬು ಕಳೆಯದೆ ಬರಿಯ ಚುಕ್ಕಿಗೆರೆ ಮಾತ್ರ ಇರುವುದೂ ಉಂಟು. ಅಲ್ಲಿ ನೆಲ ಖಾತೆದಾರನದು, ಓಡಾಟದ ಹಕ್ಕು ಊರಿನದು. ಆ ಹಕ್ಕಿಗಂತೂ ನಕ್ಷೆ ಬಿಟ್ಟರೆ ಬೇರೆ ಕಾಗದವೇ ಇಲ್ಲ.

ಓಣಿಯ ಕಥೆಯೇ ಕೆರೆಯ ಕಥೆ. ಹಳೇಬೀಡು, ಮಾದಿಹಳ್ಳಿ ಹೋಬಳಿಯ ರೈತರು ವರ್ಷಗಟ್ಟಲೆ ಹೋರಾಡಿದ್ದು ರಣಘಟ್ಟ ಯೋಜನೆಗಾಗಿ, ಯಗಚಿ ನದಿಯ ನೀರು ದ್ವಾರಸಮುದ್ರದ ಕೆರೆಗೆ, ಈ ಬಯಲಿನ ಕೆರೆಗಳಿಗೆ ಬರಲಿ ಎಂದು. ನೀರು ಎಲ್ಲಿಂದಲೇ ಬರಲಿ, ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ಹರಿಯಲು ಹಾದಿ ಬೇಕು. ಬರಗಾಲದ ವರ್ಷಗಳಲ್ಲಿ ಒಣಗಿದ ಕಾಲುವೆ ಹೊಲವಾಗಿ ಕಾಣುತ್ತದೆ, ಹತ್ತು ವರ್ಷ ನೀರು ಹರಿಯದಿದ್ದರೆ ಅಲ್ಲಿ ಹಳ್ಳ ಇತ್ತು ಎಂಬ ನೆನಪೇ ಹೋಗುತ್ತದೆ. ಮನುಷ್ಯ ಮರೆಯುತ್ತಾನೆ, ನೀರು ಮರೆಯುವುದಿಲ್ಲ ಎಂದು ಹಿರಿಯರು ಹೇಳುವುದುಂಟು. ನಕ್ಷೆಯೂ ಮರೆಯುವುದಿಲ್ಲ. ಕೆರೆ ಒತ್ತುವರಿಯ ವಿರುದ್ಧ ರಾಜ್ಯದಲ್ಲಿ ದೊಡ್ಡ ದನಿ ಎತ್ತಿದವರಲ್ಲಿ ಒಬ್ಬರು ನಮ್ಮದೇ ಹಾಸನ ಜಿಲ್ಲೆಯ ಅರಕಲಗೂಡಿನ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿ. 2007ರಲ್ಲಿ ಅವರ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರಿನ ಸರ್ಕಾರಿ ಜಮೀನು ಒತ್ತುವರಿಯ ವರದಿ ಕೊಟ್ಟಿತು. ಜಗಪಾಲ್ ಸಿಂಗ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಊರಿನ ಸಾಮುದಾಯಿಕ ನೆಲವನ್ನು ಒತ್ತುವರಿಯಿಂದ ಬಿಡಿಸಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಿತು. ಆದರೆ ಬಿಡಿಸುವ ಮೊದಲು ಅದು ಎಲ್ಲಿದೆ ಎಂದು ತಿಳಿದಿರಬೇಕಲ್ಲ. ಅದನ್ನು ಊರಿನವರೇ ತೋರಿಸಬಲ್ಲರು, ನಕ್ಷೆ ಅವರ ಕೈಯಲ್ಲಿದ್ದರೆ.

ಹಳೆಯ ಗ್ರಾಮ ನಕ್ಷೆ ನೋಡುವಾಗ ನನಗೆ ಪ್ರತಿಸಲವೂ ಕಣ್ಣಿಗೆ ಬೀಳುವುದು ನಡುವಿನ ಒಂದು ಖಾಲಿ ಜಾಗ. ಅದು ಗ್ರಾಮಠಾಣಾ, ಅಂದರೆ ಜನ ವಾಸಿಸುವ ಊರು. ಹೊಲಕ್ಕೆ ಕಂದಾಯವಿತ್ತು, ಅದನ್ನು ಆಣೆ ಆಣೆಯಾಗಿ ಅಳೆದರು. ಮನೆಗಳ ನೆಲಕ್ಕೆ ಕಂದಾಯವಿರಲಿಲ್ಲ, ಸುತ್ತ ಒಂದು ಗೆರೆ ಎಳೆದು ಬಿಟ್ಟರು. ಹೊಲವೇ ಇಲ್ಲದ ಕೂಲಿಯವನ ಇಡೀ ಬದುಕು ಆ ಖಾಲಿ ಜಾಗದೊಳಗೆ ಇತ್ತು. ಅವನ ಮನೆಗೆ ಪಂಚಾಯಿತಿಯ ರಸೀದಿ ಬಿಟ್ಟರೆ ಬೇರೆ ಗುರುತಿರಲಿಲ್ಲ, ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. 2013ರಲ್ಲಿ ಬಂದ ಇ-ಸ್ವತ್ತು ಪಂಚಾಯಿತಿಯ ಆಸ್ತಿ ವಿವರಗಳನ್ನು ಕಂಪ್ಯೂಟರಿಗೆ ತಂದಿತು. ಆ ಖಾಲಿ ಜಾಗಕ್ಕೆ ಗೆರೆ ತುಂಬಲು ಹೊರಟದ್ದು, ಡ್ರೋನ್ ಹಾರಿಸಿ ಊರನ್ನು ಅಳೆಯುವ ಸ್ವಾಮಿತ್ವ ಯೋಜನೆ. ಕೇಂದ್ರ ಸರ್ಕಾರ 2020ರ ಏಪ್ರಿಲ್ 24ರಂದು ಅದನ್ನು ಘೋಷಿಸಿದಾಗ ಮೊದಲ ಹಂತದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಡ್ರೋನ್ ಹಾರುವ ಮೊದಲು ಊರಿನವರು, ಪಂಚಾಯಿತಿಯವರು, ಸರ್ವೆಯವರು ಸೇರಿ ಪ್ರತಿ ಮನೆ, ಪ್ರತಿ ಹಿತ್ತಿಲ ಸುತ್ತ ಸುಣ್ಣದ ಗೆರೆ ಹಾಕುತ್ತಾರೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಆ ಬಿಳಿ ಗೆರೆಗಳೇ ಗಡಿ. ಅಂಗಳಕ್ಕೆ ರಂಗೋಲಿ ಹಾಕಿದ ಕೈಗಳು ಊರಿಗೇ ರಂಗೋಲಿ ಹಾಕುವ ಈ ಕೆಲಸ ನನಗೆ ಬಹಳ ಹಿಡಿಸಿತು, ಯಾಕೆಂದರೆ ಇಲ್ಲಿ ನಕ್ಷೆಯ ಮೊದಲ ಗೆರೆಯನ್ನು ಎಳೆಯುವವರು ಅಲ್ಲಿ ಬಾಳುವವರು. ಗೆರೆ ಒಪ್ಪದವರು ಆಕ್ಷೇಪ ಹೇಳಲು ಅವಕಾಶವಿದೆ. ಹಳೆಯ ನಕ್ಷೆ ನೆಲವನ್ನು 7,920ರಲ್ಲಿ ಒಂದು ಪಾಲಿಗೆ ಇಳಿಸಿದರೆ ಈ ಹೊಸ ನಕ್ಷೆ 500ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಗೋಡೆ ಗೋಡೆಯೂ ಕಾಣುತ್ತದೆ.

ಹಳೇಬೀಡಿನಲ್ಲಿ ಮನೆ ಕಟ್ಟುವವನಿಗೆ ಇನ್ನೂ ಒಂದು ಗೆರೆ ಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರು ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರಿನವರೆಗೆ ಅನುಮತಿ ಬೇಕು ಎಂದು ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಹೇಳುತ್ತದೆ. ಹೊಯ್ಸಳೇಶ್ವರನ ಗುಡಿ 2023ರಲ್ಲಿ ಬೇಲೂರು, ಸೋಮನಾಥಪುರಗಳ ಗುಡಿಗಳ ಜೊತೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು, ನಮಗೆಲ್ಲ ಹೆಮ್ಮೆ. ಆ ಹೆಮ್ಮೆಯ ಪಕ್ಕದಲ್ಲೇ ಮನೆ ಇರುವವನಿಗೆ ತನ್ನ ಗೋಡೆ ಗೆರೆಯ ಒಳಗೋ ಹೊರಗೋ ಎಂಬುದು ಅಡಿಪಾಯ ತೋಡುವ ಮೊದಲು ತಿಳಿಯಬೇಕು, ನೋಟಿಸು ಬಂದ ಮೇಲಲ್ಲ.

ನಕ್ಷೆಯನ್ನು ಗುಟ್ಟಾಗಿಡುವುದು ನಮ್ಮ ದೇಶದಲ್ಲಿ ಬಹುಕಾಲದ ಅಭ್ಯಾಸ. ಸೇನೆಗೆಂದು, ಕಂದಾಯಕ್ಕೆಂದು ಹುಟ್ಟಿದ ನಕ್ಷೆ ಆಳುವವರ ಸಾಧನವಾಗಿತ್ತು. 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾ ತನ್ನ 250ನೇ ವರ್ಷದಲ್ಲಿ, 2017ರಲ್ಲಿ, ಮುಕ್ತ ಸರಣಿಯ ನಕ್ಷೆಗಳನ್ನು ಜಾಲದಲ್ಲಿ ಉಚಿತವಾಗಿ ಕೊಟ್ಟಿತು. 2021ರ ಫೆಬ್ರವರಿಯ ಮಾರ್ಗಸೂಚಿ ಬಂದ ಮೇಲೆ ಭಾರತೀಯರು ನಕ್ಷೆ ಮಾಡಲು ಮೊದಲಿನಂತೆ ಪೂರ್ವಾನುಮತಿ ಕೇಳಬೇಕಾಗಿಲ್ಲ. ಬ್ರಿಟನ್ನಿನ ಆರ್ಡ್‌ನನ್ಸ್ ಸರ್ವೆ 2010ರಲ್ಲಿ ತನ್ನ ಹಲವು ನಕ್ಷೆಗಳ ದತ್ತಾಂಶವನ್ನೇ ಜನರಿಗೆ ಬಿಟ್ಟುಕೊಟ್ಟಿತು. ನಮ್ಮಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳ ಆಡಳಿತ ಗಡಿಗಳನ್ನು ರಾಜ್ಯದ ಕೆ-ಜಿಐಎಸ್ ಜಾಲತಾಣ ಕೊಡುತ್ತದೆ, ಸಂಶೋಧಕರಿಗೆ ಅದು ದೊಡ್ಡ ಉಪಕಾರ.

ಆದರೂ ಇಷ್ಟು ಕೊಟ್ಟ ಮೇಲೆ ನನಗೆ ಒಂದು ಕೊರತೆ ಕಾಣುತ್ತದೆ. ನಕ್ಷೆ ಮೊಬೈಲಿಗೆ ಬಂತು, ಪಂಚಾಯಿತಿಯ ಗೋಡೆಗೆ ಬರಲಿಲ್ಲ. ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಯೋಜನೆಗಳ ಪಟ್ಟಿ ಇರುತ್ತದೆ, ಶೌಚಾಲಯದ ಚಿತ್ರ ಇರುತ್ತದೆ. ಊರಿನ ನಕ್ಷೆಯನ್ನು ಆಳೆತ್ತರಕ್ಕೆ ಬರೆಸಿ, ಕೆರೆಗೆ ನೀಲಿ, ಗುಂಡುತೋಪಿಗೆ ಹಸಿರು, ಬಂಡಿ ದಾರಿಗೆ ಕೆಂಪು ಬಳಿದಿದ್ದರೆ? ಸ್ಮಾರ್ಟ್‌ಫೋನು ಇಲ್ಲದ ಮುದುಕಿಯೂ ಬೆರಳಿಟ್ಟು ತೋರಿಸುತ್ತಿದ್ದಳು. ಗ್ರಾಮಸಭೆಯ ದಿನ ಅದರ ಮುಂದೆ ನಿಂತು ಮಾತಾಡಬಹುದಿತ್ತು. ಶಾಲೆಯ ಮಕ್ಕಳಿಗೆ ಭಾರತದ ನಕ್ಷೆ ಬಿಡಿಸಲು ಕಲಿಸುತ್ತೇವೆ, ತಮ್ಮ ಊರಿನ ನಕ್ಷೆಯನ್ನು ಅವರು ನೋಡಿಯೇ ಇರುವುದಿಲ್ಲ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ. ಒಬ್ಬ ಪೇಂಟರ್ ಸಾಕು.

ಮಾವ ಓಣಿಯ ಪಹಣಿ ಕೇಳಿದ ಆ ದಿನ ಅವರನ್ನು ಕರೆದುಕೊಂಡು ಹೋಗಿ ಝೆರಾಕ್ಸ್ ಅಂಗಡಿಯಲ್ಲಿ ಊರಿನ ನಕ್ಷೆ ಇಳಿಸಿ ದೊಡ್ಡ ಹಾಳೆಯಲ್ಲಿ ತೆಗೆಸಿದೆ. ಅವರು ಕನ್ನಡಕ ಏರಿಸಿ ಮೊದಲು ಹುಡುಕಿದ್ದು ಕೆರೆಯನ್ನು. ಕೆರೆ ಸಿಕ್ಕಿದ ಮೇಲೆ ಏರಿ, ಏರಿಯಿಂದ ಹೊಲ. ಬೆರಳು ಜೋಡಿ ಚುಕ್ಕಿಗೆರೆಯ ಮೇಲೆ ಬಂದು ನಿಂತಿತು. ಓಣಿ ಅಲ್ಲಿತ್ತು. ಆದರೆ ಅದು ಅವರ ಹೊಲದ ಹತ್ತಿರ ಮುಗಿದಿರಲಿಲ್ಲ, ನಾವಿಬ್ಬರೂ ಹಾಗೆಂದೇ ತಿಳಿದಿದ್ದೆವು. ಚುಕ್ಕಿಗಳು ಹೊಲ ದಾಟಿ, ಹಳ್ಳ ದಾಟಿ, ಹಾಳೆಯ ಅಂಚಿನಲ್ಲಿ ಪಕ್ಕದೂರಿನ ಗಡಿಯವರೆಗೆ ಹೋಗಿದ್ದವು. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೌದಲ್ವ, ನಮ್ಮವ್ವನ್ ಮದ್ವೆ ಗಾಡಿ ಇದೇ ದಾರೀಲ್ ಬಂತು ಅಂತಿದ್ರು" ಎಂದರು.

ತಹಶೀಲ್ದಾರರಿಗೆ ಅರ್ಜಿ ಬರೆಯೋಣವೇ ಎಂದು ಕೇಳಿದೆ. ನಕಾಶೆ ಕಂಡ ದಾರಿಯನ್ನು ತೆರವು ಮಾಡಿಸುವ ಹೊಣೆ ಅವರದು, ಕೇಳುವ ಹಕ್ಕು ಯಾವ ರೈತನಿಗೂ ಉಂಟು. ಬರೆಯೋಣ ಎಂದರು. ಹಾಳೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಯವನ ಕಡೆ ತಿರುಗಿ, "ಇನ್ನೆರಡು ತೆಗೀರಪ್ಪ" ಅಂದರು. ಒಂದು ಪಂಚಾಯ್ತಿಗಂತೆ. ಇನ್ನೊಂದು ಯಾರಿಗೆ ಮಾವ ಎಂದೆ.

"ಬೇಲಿ ಈಚೆ ತಂದವ್ನಲ್ಲ, ಅವ್ನಿಗೆ. ಅವ್ನೂ ನೋಡ್ಲಿ. ಹಳ್ಳದಾಚೆ ಅವನ್ ಹೊಲಕ್ಕೂ ಇದೇ ದಾರಿ."